ಸುಳ್ಳು ಹೇಳದ ಅಮ್ಮ

ಹಲೋ… ಹಲೋ, ಯಾರು ಮಾತಾಡ್ತಿರೋದು?… ಹಾಂ, ಪಾಣದುರದ ಮನೆನೇ. ಇನೋಕಾನೇ ಮಾತಾಡ್ತಿರೋದು. ನೀವ್ಯಾರು?…

ಅಮ್ಮ? ನೀನಾ?… ದನಿಯೇ ಗುರುತು ಸಿಗಲಿಲ್ಲ ನೋಡು. ಎಂಟು ದಿನ ಆಯ್ತಲ್ಲಮ್ಮ ನಿನ್ನ ಫೋನ್ ಬಂದು. ಇಂಡಿಯಾ ಯಾತ್ರೆಗೆ ಅಂತ ಹೋದವಳು ಇದ್ದಾಳೋ ಇಲ್ಲವೋ ಅಂತ ಇಲ್ಲಿ ಲಂಕೆಯಲ್ಲಿ ನಾನೊಬ್ಬಳೇ ಗೋಡೆ ನೋಡ್ಕೊಂಡು ಕೂತಿದ್ದೀನಿ. ಆರಾಮಾಗಿದ್ದೀಯ ತಾನೆ?…

ಇರು ಇರು. ಇದು ಯಾರ ನಂಬರು?… ಒಳ್ಳೆಯವರೊಬ್ಬರದು. ಒಳ್ಳೆಯವರಿಗೆ ಹೆಸರಿರಲ್ವಾ?… ಸರಿ, ನಿನ್ನ ಫೋನ್ ಎಲ್ಲಿ? ಕಳೆದುಹೋಯ್ತಾ?… ಕಳೆದಿಲ್ಲ. ಕೆಟ್ಟಿತಾ?… ಕೆಟ್ಟೂ ಇಲ್ಲ. ಮತ್ತೆ?… ಅದು ಇನ್ನು ಬೇಕಾಗಿಲ್ಲ ಅಂದ್ರೆ ಏನಮ್ಮ ಅರ್ಥ?…

ಹೂಂ, ಇಡ್ತಾ ಇದ್ದೀನಿ. ದಿನಾ ಬೆಳಿಗ್ಗೆ ಬುದ್ಧನ ಮುಂದೆ ಅನ್ನ ಇಟ್ಟೇ ನಾನು ಉಣ್ಣೋದು. ನಿನ್ನ ಆ ಚಿಕ್ಕ ಬಟ್ಟಲಲ್ಲೇ.… ಇಲ್ಲ, ರುಚಿ ನೋಡಿ ಇಡಲ್ಲ, ಅಷ್ಟೂ ಗೊತ್ತಿಲ್ವಾ ನಂಗೆ? ಮಾತು ತಿರುಗಿಸಬೇಡ. ಸಕ್ಕರೆ ಕಾಯಿಲೆ ಮಾತ್ರೆ ತಗೋತಿದ್ದೀಯಾ?… ಬೆಳಿಗ್ಗೆ ಒಂದು. ರಾತ್ರೀದು?… ರಾತ್ರಿ ಊಟಾನೇ ಇಲ್ವಾ? ಯಾಕೆ?… ಅಲ್ಲಮ್ಮ, ಹುಣ್ಣಿಮೆ ದಿನ ಮಧ್ಯಾಹ್ನದ ಮೇಲೆ ಉಣ್ಣಲ್ಲ, ಒಪ್ಪಿದೆ. ಹುಣ್ಣಿಮೆ ಕಳೆದು ಎಷ್ಟು ದಿನ ಆಯ್ತು?…

ಇವತ್ತು ಎಲ್ಲಿದ್ದೀರಿ ನೀವೆಲ್ಲ? ಬುದ್ಧಗಯೆ, ಸಾರನಾಥ, ಕುಶಿನಗರ ಮುಗೀತು, ಲುಂಬಿನಿ ಒಂದು ಬಾಕಿ ಅಂತ ಹೋದ ಸಲ ಹೇಳಿದ್ದೆ.… ಲುಂಬಿನಿಯ ಕೊಳದಲ್ಲಿ ಆಮೆ ಇವೆಯಾ. ಸಂತೋಷ. ಆಮೆ ಎಲ್ಲಿವೆ ಅಂತ ಕೇಳಲಿಲ್ಲ ನಾನು, ನೀನೆಲ್ಲಿದ್ದೀಯ ಅಂತ ಕೇಳಿದೆ.… ಹೂಂ, ತಂಡದವರೆಲ್ಲ ಕ್ಷೇಮ. ಆ ತಂಡದವರು ಎಲ್ಲಿದ್ದಾರೆ?…

ಹೇಳ್ಬೇಡ ಬಿಡು, ನಾನೇ ಹೇಳ್ತೀನಿ. ನಿನ್ನ ಜೊತೆ ಬಂದಿದ್ದಳಲ್ಲ ಪಕ್ಕದ ಮನೆ ಸೋಮಲತಾ ಅತ್ತೆ, ಅವಳ ಮನೆ ಹಗ್ಗದ ಮೇಲೆ ಮೊನ್ನೆ ಐದು ಬಿಳಿ ಸೀರೆ ಒಣಗ್ತಿದ್ವು. ಯಾತ್ರೆಗೆ ಅಂತ ನೀವಿಬ್ಬರೂ ಒಟ್ಟಿಗೆ ಹೋಗಿ ತಂದ ಸೀರೆಗಳು. ಅತ್ತೇ ಅಂತ ಕರೆದ್ರೆ ಒಳಗೆ ಓಡಿ ಬಾಗಿಲು ಹಾಕ್ಕೊಂಡ್ಲು. ನಿನ್ನೆ ಬಾವಿ ಹತ್ರ ಅಡ್ಡಗಟ್ಟಿ ಕೇಳಿದೆ, ಅಮ್ಮ ಎಲ್ಲಿ ಅಂತ. ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ತಲೆ ಆಡಿಸಿದಳು. ಹೌದೋ ಅಲ್ಲವೋ ಆ ದೇವರಿಗೇ ಗೊತ್ತು.… ಅವಳನ್ನ ಬೈಬೇಡ ಅಂತೀಯ. ಅಂದ್ರೆ ಅವಳಿಗೆ ಗೊತ್ತು. ಇಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಡ್ತಿದ್ದೀರಿ.…

ಶ್… ಅದೇನು ಸದ್ದು?… ಸುಮ್ನಿರು, ಕೇಳಿಸ್ಕೋತಿದ್ದೀನಿ.… ಅಮ್ಮ, ಅದು ಬ್ರೆಡ್ ಮಾರೋ ಆಟೋದ ರಾಗ. ಸಂಜೆ ನಾಲ್ಕಕ್ಕೆ ನಮ್ಮ ಬೀದಿಗೂ ಬರುತ್ತಲ್ಲ, ಅದೇ ಟಿಣಿಟಿಣಿ. ಲುಂಬಿನಿಯಲ್ಲಿ ಯಾವಾಗಿಂದ ನಮ್ಮ ಲಂಕೆಯ ಬ್ರೆಡ್ ಆಟೋ ಓಡಾಡ್ತಿದೆ?…

ಅಮ್ಮ. ನೀನು ವಾಪಸ್ ಬಂದಾಗಿದೆ, ಅಲ್ವಾ?…

ಎಷ್ಟು ದಿನ ಆಯ್ತು?… ಆರು ದಿನ. ಆರು ದಿನದಿಂದ ಇದೇ ಲಂಕೆಯಲ್ಲಿದ್ದೀಯ, ಮನೆಗೆ ಬಂದಿಲ್ಲ. ಎಲ್ಲಿ, ಆಸ್ಪತ್ರೆಯಲ್ಲಾ? ಕಾಲಿನ ಹುಣ್ಣು ಮತ್ತೆ ಎದ್ದಿತಾ?… ಇಲ್ವಾ. ನಿಜವಾಗಿ?… ಬುದ್ಧನ ಮೇಲೆ ಆಣೆ ಇಡಬೇಡ, ನೀನು ಆಣೆ ಇಡೋಳಲ್ಲ, ಅದಕ್ಕೇ ಇನ್ನೂ ಭಯ ಆಗುತ್ತೆ.…

ಏನು? ಸುಳ್ಳು ಹೇಳಿಲ್ಲ ಅಂತೀಯಾ?… ಹೌದಮ್ಮ, ಹೇಳಿಲ್ಲ. ಅದರಿಂದಲೇ ನಂಗೆ ಅನುಮಾನ ಬಂದದ್ದು. ಐದು ಶೀಲದಲ್ಲಿ ನಾಲ್ಕನೆಯದು, ಸುಳ್ಳಾಡಬಾರದು ಅನ್ನೋದು, ಅದನ್ನ ನೀನು ಜನ್ಮದಲ್ಲಿ ಮುರಿದವಳಲ್ಲ. ಅಪ್ಪ ಕೋಣೆಯೊಳಗೆ ಕೂತು, ಇಲ್ಲ ಅಂತ ಹೇಳಿ ಕಳಿಸು ಅಂದ್ರೆ, ಬಂದವರ ಮುಂದೆ ನೀರಿನ ಲೋಟ ಇಟ್ಟು ಸುಮ್ಮನೆ ನಿಲ್ತಿದ್ದವಳು ನೀನು. ಕೊಳದಲ್ಲಿ ಆಮೆ ಇವೆ, ತಂಡದವರು ಕ್ಷೇಮ, ಮಾತ್ರೆ ತಗೊಂಡೆ. ಒಂದೊಂದೂ ನಿಜವೇ. ನಾನು ಲುಂಬಿನಿಯಲ್ಲಿದ್ದೀನಿ ಅನ್ನೋದೊಂದು ಮಾತ್ರ ನಿನ್ನ ಬಾಯಿಂದ ಬರಲಿಲ್ಲ. ಸುಳ್ಳು ಹೇಳೋರನ್ನಾದ್ರೂ ಹಿಡೀಬಹುದು ಕಣಮ್ಮ, ನಿನ್ನಂಥವರ ಜೊತೆ ಏಗೋದು ಕಷ್ಟ.…

ಎಲ್ಲಿ?… ಅನುರಾಧಪುರ. ಅಲ್ಲಿ ಯಾರಿದ್ದಾರೆ ನಮಗೆ?… ಶೀಲಮಾತೆಯರ ಆಶ್ರಮ. ಕಾವಿ ಉಟ್ಟ ಆ ಸನ್ಯಾಸಿನಿಯರದಾ.…

ಇರು. ಕೂತ್ಕೋತೀನಿ.…

ನಾಲ್ಕು ದಿನ ಧ್ಯಾನ ಮಾಡಿ ಬರ್ತೀಯ, ಅಷ್ಟೇ ತಾನೆ?… ಅಷ್ಟೇ ಅಲ್ಲ.… ಕಾವಿ ಉಡೋಕಾ? ಹತ್ತು ಶೀಲದ ವ್ರತ ತಗೊಂಡು ಅಲ್ಲೇ ಇದ್ದುಬಿಡೋಕಾ?… ಈ ವಯಸ್ಸಲ್ಲಿ?… ಅರವತ್ತಮೂರು ವಯಸ್ಸಲ್ದೆ ಮತ್ತೇನು?…

ಕೂದಲು?… ಇನ್ನೂ ತೆಗೆದಿಲ್ಲ. ಯಾಕೆ, ಕತ್ತರಿ ಸಿಗಲಿಲ್ವಾ?… ಓಹೋ, ನನ್ನ ಒಪ್ಪಿಗೆ. ಮನೆಯವರು ಒಪ್ಪದೆ ಅವರು ಕಾವಿ ಕೊಡಲ್ಲ, ಅದಕ್ಕೇ ಎಂಟು ದಿನದ ಮೇಲೆ ಮಗಳ ನೆನಪು ಬಂತು. ಕ್ಷೇಮ ಕೇಳೋಕೆ ಮಾಡಿದ ಫೋನಲ್ಲ ಇದು. ಅನ್ನ ಇಡ್ತಿದ್ದೀಯಾ, ರುಚಿ ನೋಡಿ ಇಡಲ್ಲ ತಾನೆ ಅಂತ ಕೇಳಿದಾಗಲೇ ಅಂದ್ಕೊಂಡೆ, ಇವಳ್ಯಾಕೆ ಮನೆ ಒಪ್ಪಿಸೋರ ಹಾಗೆ ಮಾತಾಡ್ತಿದ್ದಾಳೆ ಅಂತ.…

ಯಾರು ನಿನ್ನ ತಲೆಗೆ ತುಂಬಿದ್ದು ಇದನ್ನ?… ಯಾರೂ ಇಲ್ಲ ಅಂದ್ರೆ ನಂಬಬೇಕಾ? ಅಲ್ಲೇ ಪಕ್ಕದಲ್ಲಿ ಯಾರೋ ಕೆಮ್ಮಿದರು. ದೊಡ್ಡ ಮಾತೆಯಾ? ಕೊಡು ಅವರಿಗೆ.… ಕೊಡಮ್ಮ.…

ನಮಸ್ಕಾರ ಮಾತೆಯವರೇ.… ಹೌದು, ಒಬ್ಬಳೇ ಮಗಳು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ತಪ್ಪು ತಿಳೀಬೇಡಿ, ನೇರವಾಗಿ ಕೇಳ್ತೀನಿ. ತಮ್ಮ ಆಶ್ರಮದಲ್ಲಿ ಗುಡಿಸೋಕೆ ಸಾರಿಸೋಕೆ ಜನ ಸಾಲದಾ? ಸಕ್ಕರೆ ಕಾಯಿಲೆಯವಳು, ಮಂಡಿ ನೋವಿನವಳು, ಒಂದು ಹೊತ್ತು ಊಟ ಬಿಟ್ಟು ನಾಳೆ ತಲೆ ತಿರುಗಿ ಬಿದ್ದರೆ ಯಾರು ನೋಡ್ಕೋತಾರೆ?… ವೈದ್ಯರನ್ನ ಕೇಳಿದ್ದೀರಾ.… ಏನು, ಮೂರು ಸಲ ವಾಪಸ್ ಕಳಿಸಿದ್ರಾ?… ಮಗಳಿಗೆ ಹೇಳದೆ ಬಂದವಳು ನಮಗೆ ಬೇಡ ಅಂದ್ರಾ.… ಬಸ್ ನಿಲ್ದಾಣದ ತನಕ ಹೋಗಿ ಕೂತು, ಮತ್ತೆ ವಾಪಸ್ ನಡ್ಕೊಂಡು ಬಂದಳಾ. ಆ ಮಂಡಿ ಇಟ್ಕೊಂಡು.… ಇಲ್ಲ ಮಾತೆಯವರೇ, ತಮ್ಮ ಮೇಲೆ ಸಿಟ್ಟಿಲ್ಲ. ಅಮ್ಮನಿಗೇ ಕೊಡಿ.…

ಅಮ್ಮ, ಮನೇಲಿ ಧರ್ಮ ಇರಲಿಲ್ವಾ? ಹುಣ್ಣಿಮೆಗೆ ಬಿಳಿ ಉಟ್ಟು ವಿಹಾರಕ್ಕೆ ಹೋಗ್ತಿದ್ದೆ, ನಾನು ಬೇಡ ಅಂದ್ನಾ?… ಗೊತ್ತು, ಬುದ್ಧರೂ ಮನೆ ಬಿಟ್ಟರು. ಹೆಂಡತಿ ಮಗು ನಿದ್ದೆಯಲ್ಲಿದ್ದಾಗ ಎದ್ದು ಹೋದರು, ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ನೀನೂ ಹಾಗೇ ಹೋಗಬೇಕಿತ್ತು, ನನಗೆ ಈ ಕಷ್ಟವಾದ್ರೂ ತಪ್ತಿತ್ತು.… ಹೂಂ?… ಅವರ ಅಪ್ಪ ಅತ್ತು ಕೇಳಿಕೊಂಡ ಮೇಲೇ ಈ ಒಪ್ಪಿಗೆಯ ನಿಯಮ ಬಂದದ್ದಾ. ಮಗನೂ ಹೋದ, ಮೊಮ್ಮಗನೂ ಹೋದ, ಇನ್ನು ಯಾರ ಮನೆಯಲ್ಲೂ ಹೀಗೆ ಆಗದಿರಲಿ ಅಂತ.… ಪಾಪ, ಮುದುಕ.…

ಒಂದು ಕೇಳ್ತೀನಿ. ನನ್ನಿಂದಾನಾ?… ಯಾವುದು ಅಂತ ನಿಂಗೆ ಗೊತ್ತು. ಆವತ್ತು ನನ್ನ ಕೆಲಸದ ಗಾರ್ಮೆಂಟ್ಸ್ ಬಸ್ಸು ಬರೋ ಹೊತ್ತು. ಅನ್ನ ಆಗಿತ್ತು, ಬುದ್ಧನಿಗೆ ಇಡೋ ತನಕ ಮುಟ್ಟಬೇಡ ಅಂದೆ ನೀನು. ನಾನೇನಂದೆ? ಗಾರೆಯ ಬೊಂಬೆಗೆ ಮೊದಲು, ಹಸಿದ ಮಗಳಿಗೆ ಆಮೇಲಾ, ಅಷ್ಟು ಭಕ್ತಿ ಇದ್ರೆ ಹೋಗಿ ವಿಹಾರದಲ್ಲೇ ಬಿದ್ದಿರು ಅಂದೆ. ನೀನು ವಾರ ಕಳೆಯೋದರಲ್ಲಿ ಯಾತ್ರೆಗೆ ಹೆಸರು ಕೊಟ್ಟು ಬಂದೆ. ಹಾಗಾದ್ರೆ ಈ ಕಾವಿ ಧರ್ಮದ್ದಾ, ಮುನಿಸಿಂದಾ?… ನಿನ್ನಿಂದ ಅಲ್ಲ ಮಗಳೇ ಅಂತ ಮಾತ್ರ ಹೇಳ್ಬೇಡ. ನಂಬಲ್ಲ.…

ಹಾಂ?…

ಹೌದು ಅಂದ್ಯಾ.…

ಹೊರಟಾಗ ಬರೀ ಮುನಿಸೇ ಇತ್ತು.… ಬುದ್ಧಗಯೆಯಲ್ಲಿ ಕಣ್ಣು ಮುಚ್ಚಿದ್ರೂ ನನ್ನ ಮಾತೇ ಕೇಳ್ತಿತ್ತಾ.… ಬೋಧಿಯ ಎಲೆ ಬಿತ್ತು ಅಂತ ಎಲ್ಲರೂ ಹೆಕ್ಕೋಕೆ ಓಡಿದರು, ನೀನು ಎದ್ದೂ ನೋಡಲಿಲ್ಲ.… ಹೇಳು, ಕೇಳ್ತಿದ್ದೀನಿ. ಕುಶಿನಗರದಲ್ಲಿ?… ಮಲಗಿದ ಬುದ್ಧನ ಪಾದಕ್ಕೆ ಬಟ್ಟೆ ಹೊದಿಸುವಾಗ.… ಎಲ್ಲರೂ ಅಳ್ತಿದ್ರು, ನೀನು ಹುಡುಕ್ತಿದ್ದೆ. ಏನು ಹುಡುಕ್ತಿದ್ದೆ?… ಸಿಟ್ಟು ಎಲ್ಲಿ ಹೋಯ್ತು ಅಂತ.… ಸಿಗಲೇ ಇಲ್ವಾ?…

ಅದು ಯಾತ್ರೆಯ ಸಮಾಧಾನ ಇರಬಹುದಲ್ಲಮ್ಮ. ಮನೆಗೆ ಬಂದು ಒಲೆ ಹಚ್ಚಿದ್ರೆ ಎಲ್ಲ ವಾಪಸ್ ಬರುತ್ತೆ.… ಅದನ್ನೇ ನೋಡೋಣ ಅಂತ ಆರು ದಿನ ಕಾದ್ಯಾ.… ಬರಲಿಲ್ಲ.…

ಸಿಟ್ಟೇ ಇರಲಿಲ್ಲ ಅಂದಿದ್ರೆ ಈಗಲೇ ಬಸ್ಸು ಹತ್ತಿ ಬಂದು ನಿನ್ನ ಎಳ್ಕೊಂಡು ಹೋಗ್ತಿದ್ದೆ. ಇತ್ತು ಅಂದೆಯಲ್ಲ, ಅದಕ್ಕೆ ನಂಬ್ತೀನಿ.… ಇಲ್ಲ, ಅಳ್ತಿಲ್ಲ. ನೆಗಡಿ.… ಹೌದು, ಸುಳ್ಳೇ. ನಾನೇನು ಶೀಲ ತಗೊಂಡವಳಾ?…

ಇವತ್ತು ಭಾನುವಾರ, ನಿನ್ನ ತಲೆಗೆ ಎಣ್ಣೆ ಹಚ್ಚಿ ಬಾಚೋ ದಿನ. ಇನ್ನು ಯಾರ ತಲೆ ಬಾಚಲಿ ನಾನು?… ಹೂಂ. ನಿನ್ನ ನೋಡೋಕೆ ಬಂದ್ರೆ ಅಡ್ಡಬೀಳಬೇಕು, ಗೊತ್ತು, ಅದೇನು ಹೊಸದಲ್ಲ. ಅಪ್ಪಿಕೊಳ್ಳಬಹುದಾ?… ಮಾತೆಯವರನ್ನ ಕೇಳಿ ಹೇಳ್ತೀಯಾ. ಸರಿ, ಕೇಳು.…

ಕೊಟ್ಟೆ.… ಒಪ್ಪಿಗೆ ಕೊಟ್ಟೆ ಅಂದೆ, ಕೇಳಿಸಲಿಲ್ವಾ?… ಮನಸಾರೆ ಕೊಟ್ಟೆಯಾ ಅಂತ ಕೇಳಬೇಡ, ಇನ್ನೊಂದು ಸುಳ್ಳು ಹೇಳಿಸ್ತೀಯ ನನ್ನಿಂದ.…

ಬ್ಯಾಟರಿ ಮುಗೀತಾ ಬಂತಾ? ಸರಿ, ಇಡು ಹಾಗಾದ್ರೆ.…

ಏನಂದೆ?… ಹೋಗ್ತೀನಿ ಅಂದ್ಯಾ?… ಹೊರಡೋರು ಯಾರಾದ್ರೂ ಹೋಗ್ತೀನಿ ಅಂತಾರಾ ಅಮ್ಮ? ಉಪ್ಪು ತರೋಕೆ ಅಂಗಡಿಗೆ ಹೋದ್ರೂ, ಹೋಗಿ ಬರ್ತೀನಿ ಅಂತ ಹೇಳಿ ಮೆಟ್ಟಿಲಿಳೀತಿದ್ದವಳು ನೀನು. ಬರ್ತೀನಿ ಅಂತ ಸೇರಿಸು.… ಯಾಕೆ ಸುಮ್ಮನಾದೆ?… ಇನ್ನೂ ತಲೆ ಮೇಲೆ ಕೂದಲಿದೆಯಲ್ಲ, ಇವತ್ತೊಂದು ದಿನ ಒಂದು ಸುಳ್ಳು ಹೇಳಿದ್ರೆ ಯಾರೂ ಏನೂ ಅನ್ನಲ್ಲ. ಬರ್ತೀನಿ ಅನ್ನು.… ಅಮ್ಮ?… ನೀನಿಟ್ಟೆಯಾ, ಲೈನೇ ಹೋಯ್ತಾ?… ಹಲೋ… ಹಲೋ…