ಎಲೆ ಬಿಡದ ಓಕ್

ಮಾರ್ಚ್ ತಿಂಗಳು, ಅಮೆರಿಕದ ಓಹಾಯೊದಲ್ಲಿ ಗಿಡ ಮಾರುವ ಒಂದು ನರ್ಸರಿ, ಕೌಂಟರ್ ಮುಂದೆ ಸಾಲು. ನನ್ನ ತಳ್ಳುಗಾಡಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಓಕ್ ಗಿಡ. ಮುಂದೆ ಗಂಡ ಹೆಂಡತಿ. ಗಂಡನ ಹೆಗಲ ಮೇಲೆ ಬುಡ ಕೊಯ್ದ ಅಂಥದೇ ಗಿಡ.

“ಸತ್ತ ಗಿಡ ತೋರಿಸಿದ್ರೆ ಬೇರೆ ಕೊಡ್ತಾರೆ ಲೋರ್ನಾ, ಸುಮ್ನಿರು.”

“ವೆಂಡೆಲ್, ಇವರ ಗಿಡದ ಎಲೆಯೂ ಒಣಗಿದೆಯಲ್ಲೋ?”

“ಸತ್ತಿದ್ದನ್ನೇ ಕೊಳ್ತಿದ್ದಾರೆ, ಪಾಪ.”

“ಅಲ್ಲಿ ಮಾರೋಕಿಟ್ಟಿರೋವೂ ಹಾಗೇ ಇವೆ. ಎಲ್ಲಾ ಸತ್ತಿವೆಯಾ?”

ಅವಳು ನನ್ನತ್ತ ತಿರುಗಿದಳು.

“ಈ ಜಾತಿ ಹೀಗೇ. ಚಳಿಗಾಲದಲ್ಲಿ ಒಣಗಿದೆಲೆ ಚಿಗುರು ಬರೋ ತನಕ ಉದುರಲ್ಲ” ಎಂದೆ.

ಲೋರ್ನಾ ಹೆಗಲ ಮೇಲಿನ ಕಾಂಡವನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು.

“ಮೇ ತಿಂಗಳಲ್ಲಿ ಚಿಗುರುತ್ತೇನೋ, ಅಲ್ಲಿ ತನಕ ತಡಿ ಅಂತ ಬಡ್ಕೊಂಡೆ.”

“ಈಗ ಕೌಂಟರಲ್ಲಿ ಏನನ್ನಲಿ? ಸತ್ತಿದೆ ಅನ್ಲಾ, ಬದುಕಿದೆ ಅನ್ಲಾ?”

“ಗರಗಸ ಹಿಡಿಯೋ ಮುಂಚೆ ಕೇಳ್ಬೇಕಿತ್ತು ಅದನ್ನ.”

ಇಬ್ಬರೂ ಸಾಲು ಬಿಟ್ಟು ಹೊರಟರು. ಹೆಗಲ ಮೇಲೆ ಗಿಡ ಕುಲುಕುತ್ತಿತ್ತು. ಒಂದೆಲೆಯೂ ಉದುರಲಿಲ್ಲ.