ಕೆಂಪು ನೂಲು ಕಟ್ಟಿದ ಗುಳ್ಳ

…ಬುಧವಾರ ಅಲ್ಲ ಅಕ್ಷಿತಾ, ಮಂಗಳವಾರ. ಕಳೆದ ಜನವರಿ ಇಪ್ಪತ್ತೊಂದು. ನೋಟ್‌ಬುಕ್ಕಿನಲ್ಲಿ ಉಂಟು, ಇದೇ ಪುಟ, ನೋಡು. ಅಂಗಳದ ಗುಳ್ಳದ ಆರು ಎಲೆಗಳ ಉದ್ದ ಬರೆದಿದ್ದೇನೆ. ಏಳನೆಯದರ ಎದುರು ಖಾಲಿ. ವನಜಾಕ್ಷಿ ಸ್ಕೇಲು ಹಿಡಿದು ಓದುವುದು, ನಾನು ಬರೆಯುವುದು, ಅದು ನಮ್ಮ ಕ್ರಮ. ಎಲೆ ಅಳೆದರೆ ಹುಳಿಗೆ ಬೀಳುತ್ತದಾ ಅಂತ ದಿನಾ ಕೇಳುತ್ತಿದ್ದಳು, ಆದರೂ ಸ್ಕೇಲು ಹಿಡಿಯುತ್ತಿದ್ದಳು. ಆವತ್ತು ಆರಕ್ಕೇ ನಿಲ್ಲಿಸಿದಳು. ಒಲೆಯ ಮೇಲೆ ಹಾಲು ಉಂಟು, ಏಳನೆಯದು ಎಲ್ಲಿಗೂ ಓಡಿಹೋಗುವುದಿಲ್ಲ, ಅಂದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಾಲು ಉಕ್ಕಿ ಸೀದ ವಾಸನೆ ಬಂತು… ಉಡುಪಿಯ ಆಸ್ಪತ್ರೆಗೆ ಮುಟ್ಟುವಾಗ ಹತ್ತೂಕಾಲು. ಅಷ್ಟೆ.

ಚಾ ಕುಡಿ, ತಣಿಯುತ್ತದೆ. ನಿನ್ನನ್ನು ಮಣಿಪಾಲದಿಂದ ಕಾಪುವಿಗೆ ಕರೆಸಿದ್ದು ನನ್ನ ಹೆಂಡತಿಯ ಕಥೆ ಕೇಳಲಿಕ್ಕೆ ಅಲ್ಲ. ಗಿಡ ನೋಡಲಿಕ್ಕೆ. ನೀನು ಈಗ ಎಲೆಗಳನ್ನೇ ಓದುವ ಕೆಲಸದಲ್ಲಿದ್ದೀ. ನನ್ನ ಶಿಷ್ಯೆ ಬೇರೆ. ಇನ್ನು ಯಾರನ್ನು ಕೇಳಲಿ?

ವಿಷಯ ಇಷ್ಟೆ. ಭಾನುವಾರ ಅವಳ ವರ್ಷಾಂತ. ಅವಳ ಅಣ್ಣ ಅನಂತೇಶ ಮಟ್ಟುವಿನಿಂದ ಬರುತ್ತಾನೆ. ಅವಳು ಮದುವೆಯಾಗಿ ಬರುವಾಗ ತವರಿನ ಬದನೆಯ, ಅದೇ ಆ ಉರುಟು ಗುಳ್ಳದ, ಬೀಜ ತಂದವಳು. ಬೂದಿಯಲ್ಲಿ ಹೊರಳಿಸಿ, ಒಂದು ತಗಡಿನ ಡಬ್ಬಿಯಲ್ಲಿ. ಪ್ರತಿ ವರ್ಷ ಒಂದೇ ಒಂದು ಕಾಯಿಗೆ ಕೆಂಪು ನೂಲು ಕಟ್ಟುವಳು. ನೂಲು ಕಟ್ಟಿದ್ದನ್ನು ಯಾರೂ ಮುಟ್ಟುವ ಹಾಗಿಲ್ಲ, ಅದು ಗಿಡದಲ್ಲೇ ಹಣ್ಣಾಗಬೇಕು, ಬೀಜಕ್ಕೆ. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಕಳೆದ ಮಳೆಗಾಲ ಉಪ್ಪುನೀರು ನುಗ್ಗಿ ಅನಂತೇಶನ ಗುಳ್ಳ ಪೂರಾ ಹೋಯಿತು, ಬೀಜದ ಡಬ್ಬಿಯ ಸಮೇತ. ಅವರ ಮನೆಯ ತಳಿ ಇನ್ನು ಇರುವುದು ಈ ಅಂಗಳದಲ್ಲಿ ಮಾತ್ರ ಅಂತ ಅವನ ಲೆಕ್ಕ. ಭಾನುವಾರ ಊಟ ಮುಗಿಸಿ ಈ ಹನ್ನೆರಡು ಗಿಡ ತೆಗೆದುಕೊಂಡು ಹೋಗುತ್ತಾನೆ. ನೀನು ಒಂದು ಚೀಟಿ ಬರೆದುಕೊಟ್ಟರೆ ಸಾಕು. ಲ್ಯಾಬಿನ ಮೊಹರು ಎಲ್ಲ ಬೇಡ. ‘ಎಲೆ ನೋಡಿದ್ದೇನೆ. ಇದು ವನಜಾಕ್ಷಿ ಅಮ್ಮನ ಗುಳ್ಳ.’ ಎರಡೇ ವಾಕ್ಯ.

ಎಂತ ನೋಡುತ್ತೀ? ಆ ಹಲಗೆಯಾ?

ನಗಬೇಡ ಮಾರಾಯ್ತಿ. ಅದಕ್ಕೆ ಸೀರೆ ಉಡಿಸಿದ್ದು ಪ್ರಯೋಗಕ್ಕೆ. ನೀನೇ ಹೇಳು, ಒಂದೇ ಗಿಡದ ಎರಡು ಗೆಲ್ಲನ್ನು ಬೇರೆ ಬೇರೆ ನೆಟ್ಟರೆ, ನೆರಳಿನದಕ್ಕೆ ಎಲೆ ಅಗಲ, ತೆಳು. ಬಿಸಿಲಿನದಕ್ಕೆ ಚಿಕ್ಕದು, ದಪ್ಪ. ಬೀಜ ಒಂದೇ ಎಲ್ಲ ತೀರ್ಮಾನ ಮಾಡುವುದಿಲ್ಲ ಅಲ್ವಾ? ವನಜಾಕ್ಷಿ ಬೆಳಿಗ್ಗೆ ಏಳರಿಂದ ಏಳೂಕಾಲರ ತನಕ ಗಿಡಗಳ ಪೂರ್ವಕ್ಕೆ ನಿಲ್ಲುತ್ತಿದ್ದಳು. ಮೂವತ್ತೊಂದು ವರ್ಷ ಈ ಅಂಗಳದ ಗುಳ್ಳ ಅವಳ ನೆರಳಿನಲ್ಲಿ ಬೆಳೆದದ್ದು. ಅದನ್ನು ತೆಗೆದರೆ ಪರಿಸರ ಬದಲಾಯಿತು, ಪ್ರಯೋಗ ಕೆಟ್ಟಿತು. ಹಾಗಾಗಿ ಹಲಗೆ. ಐದು ಅಡಿ ಒಂದು ಇಂಚು. ಬರೀ ಹಲಗೆಯಾದರೆ ನೆರಳು ಚೌಕ ಬೀಳುತ್ತದೆ, ಅದಕ್ಕೆ ಸೀರೆ. ಕಾಲು ಗಂಟೆ ನಿಲ್ಲಿಸಿ ಒಳಗೆ ತರುತ್ತೇನೆ. ಮೊದಲ ದಿನ ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಬೇಲಿಯಾಚೆಯಿಂದ ಅದಕ್ಕೆ ‘ಚಾ ಆಯಿತಾ’ ಅಂತ ಕೇಳಿದರು. ಉತ್ತರ ಬರಲಿಲ್ಲ ಅಂತ ಬೇಸರ ಮಾಡಿಕೊಂಡು ಹೋದರು. ಅರ್ಧ ದಾರಿಯಲ್ಲಿ ಅವಳು ಈಗ ಇಲ್ಲ ಅಂತ ನೆನಪಾಗಿ, ಎರಡು ದಿನ ಜ್ವರ.

ಈಗ ಅಭ್ಯಾಸ ಆಗಿದೆ. ದಿನಾ ಬಂದು ಬಯ್ಯುವುದು ಅವರೇ. ಗಿಡಕ್ಕೆ. ಹೌದು, ಗಿಡಕ್ಕೆ. ವನಜಾಕ್ಷಿ ಬಯ್ಯುತ್ತಿದ್ದಳಲ್ಲ, ‘ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ ನಿನಗೆ, ಈ ಮೇಷ್ಟ್ರ ಹಾಗೆ ಉದ್ದ ಆದದ್ದು ಬಿಟ್ಟರೆ ಎಂತ ಉಪಕಾರ’ ಅಂತ. ನನಗೆ ಬಯ್ಯಲಿಕ್ಕೆ ಬರುವುದಿಲ್ಲ, ನಿನಗೆ ಗೊತ್ತುಂಟು. ಗ್ಲ್ಯಾಡಿಸ್ ಬಾಯಿ ಕೊಂಕಣಿಯಲ್ಲಿ ಬೈದ ವಾರ ಎಲೆ ಎರಡು ಮಿಲಿಮೀಟರ್ ಕಡಿಮೆ ಬೆಳೆಯಿತು. ತುಳುವಿನಲ್ಲಿ ಬಯ್ಯಿರಿ ಅಂದೆ. ಸರಿಯಾಯಿತು. ಒಂದು ವಾರದ ಅಳತೆ ನಂಬಬಾರದು, ಹೌದು, ನಾನೇ ಕಲಿಸಿದ್ದು.

ಮಣ್ಣು ಮಟ್ಟುವಿನದು. ಎರಡು ಗೋಣಿ, ಕಟಪಾಡಿಯಿಂದ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಎಂತ ಇದು ಅಂತ ಕೇಳಿದ. ಪರಿಸರ, ಅಂದೆ. ಲಗೇಜ್ ಟಿಕೆಟ್ ಹರಿದ.

ನೀರು ಅಕ್ಕಿ ತೊಳೆದದ್ದು, ಅವಳು ಹಾಕುತ್ತಿದ್ದ ಅದೇ ಚೆಂಬಿನಲ್ಲಿ. ಈಗ ನೀನು ಹೇಳು. ಮಣ್ಣು ಅವಳ ಊರಿನದು, ನೀರು ಅವಳ ಚೆಂಬಿನದು, ನೆರಳು ಅವಳದು, ಬೈಗುಳ ಕೂಡ ಅವಳದು. ಗಿಡ ಅವಳದ್ದಲ್ಲ ಅಂತ ಹೇಳಲಿಕ್ಕೆ ಇನ್ನು ಎಂತ ಉಳಿಯಿತು?

…ಬೀಜ.

ನೀನು ಹೇಳಲಿಲ್ಲ, ಸರಿ. ಮುಖದಲ್ಲಿ ಉಂಟು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿಯೂ ನೀನು ಅದನ್ನೇ ಬರೆದವಳು. ‘ಎಲೆಯ ಗಾತ್ರವನ್ನು ಮಣ್ಣು, ನೀರು, ಬೆಳಕು ಬಹಳ ಬದಲಾಯಿಸಬಹುದು. ಎಲೆಯ ಅಂಚು ಹೇಗಿರಬೇಕು ಎಂಬುದು ಹೆಚ್ಚಾಗಿ ಬೀಜದಲ್ಲೇ ಬಂದಿರುತ್ತದೆ.’ ಅರ್ಧ ಅಂಕ ಕಳೆದೆ. ಉತ್ತರ ತಪ್ಪು ಅಂತ ಅಲ್ಲ. ಉದಾಹರಣೆ ಕೊಟ್ಟಿರಲಿಲ್ಲ.

ಚೀಲದಿಂದ ಎಂತ ತೆಗೆಯುತ್ತೀ?

ಓ… ರೆಕಾರ್ಡ್ ಪುಸ್ತಕ. ಹತ್ತು ವರ್ಷ ಇಟ್ಟುಕೊಂಡಿದ್ದೀಯಲ್ಲ. ನನ್ನ ಸಹಿ ಆಗ ಎಷ್ಟು ಚೆಂದ ಇತ್ತು. ಒಣಗಿಸಿ ಅಂಟಿಸಿದ ಈ ಎಲೆ… ‘ಗುಳ್ಳ. ಕೊಟ್ಟವರು: ವನಜಾಕ್ಷಿ ಅಮ್ಮ.’ ಅವಳೇ ಕಿತ್ತು ಕೊಟ್ಟದ್ದಾ? ಅಳತೆಯ ಗಿಡದಿಂದ? ನನಗೆ ಹೇಳಲೇ ಇಲ್ಲ. ಆ ವರ್ಷ ನನ್ನ ಸರಾಸರಿ ಯಾಕೆ ಕೂಡಲಿಲ್ಲ ಅಂತ ಈಗ ತಿಳಿಯಿತು.

ಇಡು, ಪಕ್ಕದಲ್ಲೇ ಇಟ್ಟು ನೋಡು. ಅದರ ಅಂಚು ಅಲೆ ಅಲೆ ಉಂಟಲ್ಲ, ಎಡಕ್ಕೆ ನಾಲ್ಕು, ಬಲಕ್ಕೆ ಮೂರು? ಇದಕ್ಕೂ ಉಂಟು. ಲೆಕ್ಕ ಮಾಡು. ನಾಲ್ಕು, ಮೂರು. ಅದರ ಪಕ್ಕದ ಎಲೆಗೂ ನಾಲ್ಕು, ಮೂರು.

ಅಂಚಿನಲ್ಲಿ ಬೆರಳು ಯಾಕೆ ಓಡಿಸುತ್ತೀ? ಆ ಕಂದು ಗೆರೆಯಾ… ಅದು ಹುಳ ತಿಂದದ್ದು. ಎಲ್ಲ ಎಲೆಯಲ್ಲೂ ಅದೇ ಜಾಗದಲ್ಲಿ, ಹೌದು. ಕೆಲವು ಹುಳಗಳಿಗೆ ಶಿಸ್ತು ಇರುತ್ತದೆ.

ಏನಾದರೂ ಹೇಳು.

ಹೇಳುವುದಿಲ್ಲವಾ? ಪರೀಕ್ಷೆಯ ಹಾಲಿನಲ್ಲಿ ಕಾಪಿ ಹಿಡಿದಾಗ ನಾನು ಹೀಗೇ ನಿಲ್ಲುತ್ತಿದ್ದೆ. ಮಾತಾಡದೆ. ನನ್ನಿಂದಲೇ ಕಲಿತದ್ದು ನೀನು.

…ಉಗುರಿನ ಕತ್ತರಿ. ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡೆ, ಹಳೆಯ ನೋಟ್‌ಬುಕ್ಕಿನ ಚಿತ್ರ ನೋಡಿ. ಎಲೆ ಬಿಚ್ಚಿದ ಐದನೆಯ ದಿನ ಕತ್ತರಿಸಿದರೆ ಗೆರೆ ತೆಳ್ಳಗೆ ಇರುತ್ತದೆ, ಎಂಟನೆಯ ದಿನವಾದರೆ ದಪ್ಪ. ಅದನ್ನೂ ಬರೆದಿಟ್ಟಿದ್ದೇನೆ. ಗಿಡಗಳು ಕಾರ್ಕಳದ ಸಂತೆಯವು. ಎಂತ ತಳಿ ಅಂತ ಮಾರಿದವಳಿಗೂ ಗೊತ್ತಿರಲಿಲ್ಲ. ಎಲೆಯ ಅಂಚು ನುಣ್ಣಗೆ, ಹಲಸಿನ ಎಲೆಯ ಹಾಗೆ. ಮೂರು ತಿಂಗಳು ಮಣ್ಣು, ನೀರು, ನೆರಳು ಎಲ್ಲ ಕೊಟ್ಟೆ. ಎಲೆ ದೊಡ್ಡದಾಯಿತು, ಅವಳ ಕಾಲದ್ದಕ್ಕಿಂತ ದೊಡ್ಡದು. ಅಂಚಿನಲ್ಲಿ ಒಂದು ಅಲೆ ಬರಲಿಲ್ಲ.

ಅವಳ ಬೀಜ ಏನಾಯಿತು ಅಂತ ಕೇಳು.

ಹದಿಮೂರನೆಯ ದಿನ, ಫೆಬ್ರವರಿ ಎರಡು. ಊಟಕ್ಕೆ ನೂರು ಜನ ಅಂದುಕೊಂಡದ್ದು ನೂರೈವತ್ತು ಆಯಿತು. ಅಡುಗೆಯವರು ಹಿತ್ತಿಲ ಬಾಗಿಲಿಗೆ ಬಂದು, ಹುಳಿಗೆ ಹೋಳು ಸಾಲದು, ಗುಳ್ಳ ಇನ್ನು ಉಂಟಾ ಅಂದರು. ಅವಳ ಹೆಸರಿನ ಊಟದಲ್ಲಿ ಇಲ್ಲ ಅನ್ನಬಾರದಲ್ಲ. ಉಂಟು ಅಂದೆ. ನಾನೇ ಬುಟ್ಟಿ ಹಿಡಿದುಕೊಂಡು ಹೋದೆ. ಹದಿಮೂರು ಕೊಯ್ದೆ. ಹದಿನಾಲ್ಕನೆಯದಕ್ಕೆ ನೂಲು ಇತ್ತು. ಎಳೆಯದು, ಬೀಜ ಬಲಿಯಲಿಕ್ಕೆ ಇನ್ನೂ ಒಂದು ತಿಂಗಳು ಬೇಕಿತ್ತು. ಒಳಗಿನಿಂದ ಬೇಗ, ಬೇಗ ಅಂತ ಕರೆದರು. ಗಂಟು ಬಿಚ್ಚಲಿಕ್ಕೆ ಬರಲಿಲ್ಲ, ಹಲ್ಲಿನಿಂದ ಕಡಿದೆ. ಗಿಡಗಳಿಗೆ ಆಮೇಲೆ ಯಾರೂ ನೀರು ಹಾಕಲಿಲ್ಲ. ಯಾರೂ ಅಂದರೆ ನಾನು. ಒಣಗಿದ ಮೇಲೆ ಡಬ್ಬಿ ತೆರೆದು ನೋಡಿದೆ. ಬರೀ ಬೂದಿ. ಬೀಜವನ್ನೆಲ್ಲ ಅವಳು ಬಿತ್ತಿ ಆಗಿತ್ತು.

ಇಲ್ಲ, ಚೀಟಿ ಬೇಡ. ಅನಂತೇಶನಿಗೆ ನಾನೇ ಹೇಳುತ್ತೇನೆ. ಭಾನುವಾರ, ಅವನು ಊಟಕ್ಕೆ ಕೂರುವ ಮೊದಲು. ಕತ್ತರಿಯ ವಿಷಯವೂ ಹೇಳಬೇಕಾ? …ಹೌದು, ಹೇಳಬೇಕು.

ಆ ಪುಸ್ತಕ ಕೊಡು. ಉತ್ತರಪತ್ರಿಕೆ ಈಗ ಎಲ್ಲಿ ಹುಡುಕುವುದು, ಇದರಲ್ಲೇ ಬರೆಯುತ್ತೇನೆ. ಅರ್ಧ ಅಂಕ. ಉದಾಹರಣೆ ಸಿಕ್ಕಿತು.

ಆವತ್ತು, ಹದಿಮೂರನೆಯ ದಿನ, ನಾನು ಆ ಹುಳಿ ಎರಡು ಸಲ ಹಾಕಿಸಿಕೊಂಡೆ.