ಗೋಧಿ ಬಣ್ಣದ ಹತ್ತಿನೂಲು

ಹಲೋ... ಹಾಂ, ಹಲೋ, ಯಾರು ಮಾತಾಡೋದು? ... ಹೌದು, ನೂಲಂಗಡೀನೇ. ಆದ್ರೆ ಮಧ್ಯಾಹ್ನ ಬಾಗಿಲು ತೆಗೆಯಲ್ಲ. ಈ ಬಿಸಿಲಿಗೆ ಕಾಗೆ ಕೂಡ ರೆಕ್ಕೆ ಬಿಚ್ಚಲ್ಲ, ನಿಮಗೆ ನೂಲು ಯಾಕೆ ಬೇಕಾಯ್ತು? ನೀವ್ಯಾರು, ಅದನ್ನ ಮೊದಲು ಹೇಳಿ.

... ಅಕ್ಕಾ ಅಂದ್ರೆ ಆಯ್ತಾ? ಮೊನ್ನೆ ಒಬ್ಬ ಹೀಗೇ ಅಕ್ಕಾ ಅಕ್ಕಾ ಅಂತ ಶುರುಮಾಡಿ, ಕೊನೆಗೆ ಬ್ಯಾಂಕಿನ ನಂಬರು ಕೇಳ್ದ. ನಾನು ಇಟ್ಟೆ ಫೋನು...

... ಓ. ನೀನಾ? ಮೈದುನನ ಹೆಂಡ್ತಿ ಧ್ವನೀನೇ ನಂಗೆ ಗುರುತು ಸಿಗ್ಲಿಲ್ಲ ನೋಡು. ಯಾಕೆ ಇಷ್ಟು ಸಣ್ಣಗೆ ಮಾತಾಡ್ತೀಯ? ಇದ್ಯಾರ ನಂಬರು?

... ಗೆಳತಿ ಫೋನಾ. ಹಾಂ. ನಿನ್ನ ಫೋನಿಗೇನಾಯ್ತು? ... ಚಾರ್ಜ್ ಇಲ್ಲ. ಸರಿ. ಹೊಸ ಓವನ್ ನಡೆಸೋದು ಕಲಿಸೋಕೆ ಅಂತ ಬೇಕರಿಯವರು ಬೇರೆ ಊರಿಗೆ ಕಳಿಸಿದಾರೆ ಅಂದಿದ್ಯಲ್ಲ, ಆ ಊರಲ್ಲಿ ಕರೆಂಟಿಲ್ವಾ?

... ಇಲ್ಲ, ಸುಮ್ನೆ ಕೇಳ್ದೆ. ಕೇಳ್ಬಾರ್ದಾ?

... ಯಾರೂ ಇಲ್ಲ ಅತ್ತೆ, ರಾಂಗ್ ನಂಬರು. ನೀವು ಮಲಗಿ... ಹಾಂ, ಹೇಳು. ಅತ್ತೆ ಒಳಗಿನ ಕೋಣೇಲಿ ಒರಗಿಕೊಂಡಿದಾರೆ. ಅವ್ರಿಗೆ ಕಿವಿ ಮಂದ, ಗೊತ್ತಲ್ಲ. ಬೇಕಾದ್ದು ಮಾತ್ರ ಕೇಳ್ಸುತ್ತೆ.

... ಹೆಣಿಗೇಲಿ ಕೊನೇ ಸುತ್ತು ಮುಚ್ಚೋದು ಹೇಗೆ ಅಂತ ಕೇಳೋಕೆ ಫೋನ್ ಮಾಡಿದ್ಯಾ? ನೀನಾ? ಕಳೆದ ಚಳೀಲಿ ಒಂದು ಮಫ್ಲರ್ ಮುಗಿಸು ಅಂದ್ರೆ ಕಡ್ಡಿ ಬಿಸಾಕಿ ಹೋದೋಳು. ಈ ಸೆಕೇಲಿ ಕಡ್ಡಿ ಹಿಡಿದಿದೀಯಾ? ಅಂಗೈ ಬೆವರಲ್ವಾ?

... ಹೂಂ, ಉಣ್ಣೆ ಅಲ್ಲ, ಹತ್ತಿ. ಹಾಗನ್ನು. ಹತ್ತಿ ಆದ್ರೆ ಸರಿ, ಬೆವರು ಕುಡಿಯುತ್ತೆ. ಏನು ಹೆಣೀತಿದೀಯ?

... ಮಗು ಟೋಪಿ. ಯಾರ ಮಗು? ... ಬೇಕರಿ ಯಜಮಾನರ ಮೊಮ್ಮಗುನಾ. ಅವ್ರ ಮಗಳ ಮದುವೆ ಇನ್ನೂ ಆಗಿಲ್ಲ ಅಂದ್ಕೊಂಡಿದ್ದೆ... ಯಜಮಾನರ ಅಣ್ಣನ ಮೊಮ್ಮಗುನಾ. ಆಯ್ತಪ್ಪ. ಎಷ್ಟು ದೊಡ್ಡದು ಬೇಕು?

... ಅಷ್ಟೇನಾ? ಸಣ್ಣ ಬಟ್ಟಲಷ್ಟು? ಅದು ಮಗು ತಲೆನಾ, ನಿಂಬೆಹಣ್ಣಾ? ಬಣ್ಣ ಯಾವ್ದು?

... ಗೋಧಿ ಬಣ್ಣ.

... ಇಲ್ಲ, ಲೈನಲ್ಲೇ ಇದೀನಿ. ಗೋಧಿ ಬಣ್ಣ ಅಂದ್ಯಲ್ಲ, ಅದನ್ನೇ ಯೋಚಿಸ್ತಿದ್ದೆ. ಮಗುಗೆ ಹಳದಿ ಹಾಕ್ತಾರೆ, ತಿಳಿ ನೀಲಿ ಹಾಕ್ತಾರೆ. ಮೈಬಣ್ಣದ ಟೋಪಿ ಹಾಕಿದ್ರೆ ದೂರದಿಂದ ಬೋಳು ತಲೆ ಥರ ಕಾಣಲ್ವಾ? ... ನಗಬೇಡ. ನಾನು ನಗೋಕೆ ಹೇಳಿದ್ದಲ್ಲ.

... ಸರಿ ಕೇಳು. ಎಲ್ಲಿ ಕೆಡ್ತಿದೆ? ... ತುದೀಲಿ ಬುಗುರಿ ಮೊನೆ ಥರ ಬರ್ತಿದ್ಯಾ? ಅದು ಕೊನೇಲೂ ನಿಧಾನ ಮಾಡಿದ್ಕೆ. ಮೊದಮೊದಲು ಒಂದು ಸುತ್ತಲ್ಲಿ ಕುಣಿಕೆ ಕಡಿಮೆ ಮಾಡು, ಮುಂದಿನ ಸುತ್ತು ಸುಮ್ನೆ ಹೆಣಿ. ತುದಿ ಹತ್ರ ಬಂದಾಗ ಪ್ರತಿ ಸುತ್ತಲ್ಲೂ ಕಡಿಮೆ ಮಾಡ್ತಾ ಹೋಗು. ಉಳಿದ ಕುಣಿಕೆಗಳಲ್ಲಿ ನೂಲು ತೂರಿಸಿ ಎಳೆದುಬಿಡು, ದುಂಡಗೆ ಕೂರುತ್ತೆ. ಬಿಗಿ ಒಂದೇ ಸಮ ಇರ್ಲಿ. ಉಣ್ಣೆ ಆದ್ರೆ ತಪ್ಪನ್ನ ನುಂಗಿಕೊಳ್ಳುತ್ತೆ, ಹತ್ತಿ ಎತ್ತಿ ತೋರ್ಸುತ್ತೆ. ಅರ್ಥ ಆಯ್ತಾ?

... ಇನ್ನೊಂದು ಏನು? ... ಏನು ತುಂಬಬೇಕು ಅಂದ್ಯಾ? ಟೋಪಿ ಒಳಗೆ? ಟೋಪಿ ಒಳಗೆ ತಲೆ ಹೋಗುತ್ತಮ್ಮ. ಬೇರೇನು ತುಂಬ್ತೀಯ?

... ತಪ್ಪಿ ಬಂತಾ ಮಾತು. ಹಾಂ. ನೋಡು, ನಾನೊಂದು ಕೇಳ್ತೀನಿ. ಆ ನೂಲು ನಿಂಗೆ ಎಲ್ಲಿಂದ ಬಂತು?

... ಆ ಊರ ಅಂಗಡೀಲಿ ತಗೊಂಡ್ಯಾ. ಯಾಕೆ ಕೇಳ್ದೆ ಅಂದ್ರೆ, ನಿನ್ನ ಗಂಡ ಹೋದ ವಾರ ಇಲ್ಲಿಗೆ ಬಂದಿದ್ದ. ನಾನು ಹಿತ್ತಲಲ್ಲಿ ನೂಲು ಒಣಗಿಸ್ತಿದ್ದೆ. ಕಿಟಕಿಯಿಂದ ನೋಡ್ತೀನಿ, ಕಪಾಟಿನ ಕೆಳಗಿನ ಖಾನೆಯಿಂದ ಗೋಧಿ ಬಣ್ಣದ್ದು, ಅತಿ ಮೆತ್ತಗಿನ ಹತ್ತಿ, ಉಂಡೆಗಳನ್ನ ಅಂಗಿ ಒಳಗೆ ತುರುಕ್ತಿದಾನೆ. ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು? ಹೆಣಿಗೆ ಕಡ್ಡಿಗೂ ಹಲ್ಲುಕಡ್ಡಿಗೂ ವ್ಯತ್ಯಾಸ ಗೊತ್ತಿಲ್ಲದೋನಿಗೆ ಮೈಬಣ್ಣದ ನೂಲು ಯಾಕೆ? ಬಾಗಿಲಲ್ಲಿ ಸಿಕ್ಕಾಗ ಮುಖ ಕೊಟ್ಟು ಮಾತಾಡ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಅವನ ನಡೆ.

... ಹೇಳ್ತೀನಿ ತಾಳು. ನಂಗೆ ಏನನ್ನಿಸ್ತು ಗೊತ್ತಾ? ಹೆಂಡ್ತಿ ಊರಲ್ಲಿಲ್ಲ, ಇವನು ಯಾವಳಿಗೋ ಕದ್ದು ಒಯ್ತಿದಾನೆ ಅನ್ನಿಸ್ತು. ನಿಂಗೆ ಹೇಳ್ಬೇಕೋ ಬೇಡ್ವೋ ಅಂತ ನಿದ್ದೆಗೆಟ್ಟಿದೀನಿ. ಅಷ್ಟರಲ್ಲಿ ಇಸ್ತ್ರಿಯವಳು ಬಂದು, ನಿಮ್ಮ ಓರಗಿತ್ತಿ ಬಸ್ಸಿಂದ ಇಳಿಯೋದನ್ನ ಕಂಡೆ, ಈ ಬೇಗೇಲಿ ಮೈತುಂಬ ಶಾಲು ಹೊದ್ದಿದ್ಳು ಅಂದ್ಳು. ಅವಳು ಊರಲ್ಲೇ ಇಲ್ಲ, ನಿಂಗೆ ಕಣ್ಣು ಮಂಜು ಅಂತ ಬೈದು ಕಳಿಸ್ದೆ. ಈಗ ಹೇಳು, ಯಾರ ಕಣ್ಣು ಮಂಜು?



... ಅಲ್ಲಿ ಯಾರೋ ಕರೀತಿದಾರಲ್ಲ. ಏನಂದೆ? ಸಿಸ್ಟರಿಗೆ ಫೋನ್ ಬೇಕಂತಾ? ಯಾವ ಸಿಸ್ಟರು? ನಾಲ್ಕು ಗಂಡುಮಕ್ಕಳ ಮಧ್ಯೆ ಹುಟ್ಟಿದ ಒಬ್ಬಳೇ ಹೆಣ್ಣು ನೀನು. ಆಗ್ಲೇ ಗೆಳತಿ ಫೋನು ಅಂದೆ, ಈಗ ಸಿಸ್ಟರ್...

... ಓ. ನರ್ಸಾ.

... ಆಸ್ಪತ್ರೇಲಿದೀಯಾ? ಯಾವಾಗಿಂದ? ಓವನ್ನೂ ಸುಳ್ಳು, ಊರೂ ಸುಳ್ಳು, ಮಗೂನೂ ಸುಳ್ಳು. ನಿಜ ಏನು? ಅಳ್ಬೇಡ, ಹೇಳು. ಕಾಯ್ತೀನಿ.

... ಹಾಂ.

... ಹಾಂ... ಯಾವ ಕಡೇದು?

... ಎಡಗಡೆ ಎದೆ ಪೂರ್ತಿ ತೆಗೆದ್ರು ಅಂತ ಹೀಗೆ ಹೇಳ್ತೀಯಲ್ಲ, ಹಲ್ಲು ಕೀಳಿಸ್ಕೊಂಡೆ ಅನ್ನೋ ಹಾಗೆ. ಈಗ್ಲೂ ವಾರ್ಡಲ್ಲೇ ಇದೀಯಾ? ... ಇಲ್ಲ, ಇವತ್ತು ತೋರಿಸೋಕೆ ಬಂದಿದ್ದಾ. ಡಾಕ್ಟ್ರು ಏನಂದ್ರು? ... ಮತ್ತೆಲ್ಲೂ ಹರಡಿಲ್ಲ. ಇದು ನಿಜಾನಾ, ಇದೂ ಟೋಪಿ ಕಥೆನಾ? ... ಅವ್ರ ಬಾಯಿಂದ್ಲೇ ಕೇಳಿದ್ಯಾ? ಸರಿ. ಇದನ್ನ ನಂಬ್ತೀನಿ. ಗಾಯ ಒಣಗಿದ್ಯಾ?

... ಹಾಗಾದ್ರೆ ಇಷ್ಟು ದಿನ ಎರಡು ಬೀದಿ ಆಚೆ, ಕಿಟಕಿ ಮುಚ್ಚಿಕೊಂಡು, ಈ ಕೆಂಡದಂಥ ಬೇಸಿಗೇಲಿ ಒಳಗೆ ಕೂತಿದ್ಯಾ? ನಾನು ದಿನಾ ಅದೇ ಬೀದೀಲಿ ಹಾಲಿಗೆ ಹೋಗ್ತೀನಿ. ಬೀಗ ನೋಡಿ ಬರ್ತಿದ್ದೆ. ಆ ಬೀಗ ಯಾರು ಹಾಕ್ತಿದ್ರು? ... ಹೊರಗಿಂದ ಅವನಾ. ಅಯ್ಯೋ ಮಾರಾಯ್ತಿ.

... ಯಾಕೆ ಹೇಳ್ಲಿಲ್ಲ ಅಂತ ಕೇಳಲ್ಲ. ಕೇಳ್ಬೇಕು ಅನ್ನಿಸ್ತಿದೆ, ಆದ್ರೂ ಕೇಳಲ್ಲ... ಏನು? ಎಲ್ರೂ ಮೊದಲು ಎದೆ ನೋಡಿ ಆಮೇಲೆ ಮುಖ ನೋಡ್ತಾರೆ ಅಂತಾನಾ? ನೋಡೋರ ಕಣ್ಣಿಗಿಷ್ಟು ಮಣ್ಣು ಬೀಳ... ಇಲ್ಲ, ನೀನು ಹೇಳೋದು ಸುಳ್ಳಲ್ಲ. ನೋಡ್ತಾರೆ.

... ಎದೆ ಜಾಗಕ್ಕೆ ಇಟ್ಕೊಳ್ಳೋಕೆ ಆಸ್ಪತ್ರೆಯವರು ಕೊಟ್ಟಿದ್ದು ರಬ್ಬರಿನ ಥರದ್ದಾ? ಅದಕ್ಕೇ ನೀನು ಹತ್ತೀದು ಹೆಣೀತಿದ್ದಿದ್ದಾ? ಹೂಂ. ಅದನ್ನ ಇಟ್ಕೊಂಡು ಓವನ್ ಮುಂದೆ ನಿಂತ್ರೆ ಬೆಂದುಹೋಗ್ತೀಯ. ಬೆವರು ಕೂತು ಹೊಸ ಚರ್ಮ ಕಿತ್ತು ಬರುತ್ತೆ. ಸೋಮವಾರದಿಂದ ಕೆಲಸಕ್ಕಾ? ಡಾಕ್ಟ್ರು ಒಪ್ಪಿದಾರಾ? ... ಒಪ್ಪಿದಾರೋ, ಒಪ್ಪಿಸ್ಕೊಂಡ್ಯೋ? ... ಭಾರ ಎತ್ಬಾರ್ದು, ನಿಂತ್ಕೋಬಹುದು. ಹಾಂ.

... ಕೇಳು. ನೀನು ಹೆಣೆದಿದ್ದು ಬಿಚ್ಚಿಹಾಕು. ಆ ನೂಲು ಒಳ್ಳೇದೇ, ಕದ್ದೋನು ಆರಿಸಿ ಕದ್ದಿದಾನೆ. ಆದ್ರೆ ನಾನು ಮಾಡ್ತೀನಿ. ಒಳಗೆ ಬೂರುಗದ ಅರಳೆ ತುಂಬ್ತೀನಿ, ಗಾಳಿಯಷ್ಟು ಹಗುರ, ಬೆವರು ಹೀರ್ಕೊಂಡು ಮುದ್ದೆ ಆಗಲ್ಲ. ಹಿಂದಿನ ಭಾಗ, ಗಾಯಕ್ಕೆ ತಾಗೋದು, ಗಂಟು ಒಂದೂ ಇಲ್ಲದ ಹಾಗೆ ಹೆಣೀತೀನಿ. ಹಗುರ ಆಗಿದ್ಕೆ ಮೇಲಕ್ಕೆ ಸರಿದುಬರುತ್ತೆ ಅನ್ನೋ ಭಯ ಬೇಡ, ಒಳ ಅಂಗಿಗೆ ಒಂದು ಜೇಬು ಹೊಲಿದ್ರೆ ಅಲ್ಲೇ ಕೂತಿರುತ್ತೆ. ಅಳತೆ ಬೇಕು ನಂಗೆ.

... ಫೋನಲ್ಲಿ ಹೇಳ್ಬೇಡ. ನಿನ್ನ ಅಳತೆ ನಂಬಲ್ಲ ನಾನು. ಬೆಳಗ್ಗೆ ನಾನೇ ಬರ್ತೀನಿ, ನಿನ್ನ ಗಂಡನಿಗೆ ಬೀಗ ತೆಗೆಯೋಕೆ ಹೇಳು. ನನ್ನೆದುರು ಶಾಲು ಗೀಲು ಬೇಡ.

... ಅತ್ತೆಗೆ ಹೇಳ್ಬಾರ್ದಾ? ನಾನಂತೂ ಹೇಳಲ್ಲ. ಆದ್ರೆ ಅವ್ರು... ಒಂದ್ನಿಮಿಷ. ಅಡುಗೆಮನೇಲಿ ಪಾತ್ರೆ ಸದ್ದು ಆಗ್ತಿದೆ. ಮಲಗಿದ್ರಲ್ಲ... ಏನತ್ತೆ? ಈ ಹೊತ್ತಲ್ಲಿ ಒಲೆ ಮೇಲೆ ನೀರ್ಯಾಕೆ? ... ಏನಂದ್ರಿ?

... ಹಲೋ, ಇದೀಯಾ? ಅತ್ತೆ ಹೇಳ್ತಿದಾರೆ, ಹತ್ತಿನೂಲನ್ನ ಹೆಣೆಯೋ ಮೊದಲೇ ಬಿಸಿನೀರಲ್ಲಿ ಅದ್ದಿ ಒಣಗಿಸ್ಬೇಕಂತೆ. ಇಲ್ದಿದ್ರೆ ಮೊದಲನೇ ಒಗೆತಕ್ಕೇ ಕುಗ್ಗಿ ಚುಚ್ಚುತ್ತಂತೆ. ನೀರಿಟ್ಟುಬಿಟ್ಟಿದಾರೆ.

... ಗೊತ್ತಿಲ್ಲ ಕಣೆ, ಎಷ್ಟು ಕೇಳಿಸ್ತೋ... ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು? ... ಕೇಳಿದ್ಯಾ? ನೀನು ಊರಿಗೆ ಅಂತ ಹೋಗೋ ಮುಂಚೆ ಇಲ್ಲಿ ಬಂದಿದ್ದಾಗ, ಮೇಲಿನ ಡಬ್ಬ ತೆಗೆಯೋಕೆ ಎಡಗೈ ಎತ್ತಲಿಲ್ಲವಂತೆ. ಆವತ್ತಿಂದ ಅನುಮಾನ ಇತ್ತಂತೆ. ನೋಡು, ನಾನು ನಿನ್ನ ಗಂಡನ ಹಿಂದೆ ಬಿದ್ದಿದ್ದೆ, ಇವ್ರು ನಿನ್ನ ಕೈ ನೋಡ್ಕೊಂಡು ಸುಮ್ನೆ ಕೂತಿದ್ರು.

... ಇಲ್ಲ, ಅವ್ರಿಗೆ ಕೋಪ ಇಲ್ಲ. ಮುಖ ನೋಡ್ತಿದೀನಲ್ಲ, ಕೋಪ ಅಲ್ಲ ಅದು. ಫೋನಿಗೆ ಕೈ ಚಾಚಿದಾರೆ, ನಿನ್ನ ಹತ್ರ ಮಾತಾಡ್ಬೇಕಂತೆ. ಸಿಸ್ಟರಿಗೆ ಇನ್ನರ್ಧ ನಿಮಿಷ ತಾಳಿ ಅನ್ನು. ಹೆದರ್ಬೇಡ, ಕೊಡ್ತೀನಿ... ತಗೊಳ್ಳಿ ಅತ್ತೆ. ಹಾಗಲ್ಲ, ಈ ಕಡೆ ಕಿವಿಗೆ. ಮಾತಾಡಿ.

... ಏನಾಯ್ತು? ಇಲ್ಲಿ ಕೊಡಿ. ಹಲೋ... ಹಲೋ, ಕೇಳಿಸ್ತಿದ್ಯಾ?

... ಕಟ್ಟಾಗಿದೆ ಅತ್ತೆ. ... ಇಲ್ಲ, ಅವಳು ಇಟ್ಟಿದ್ದಲ್ಲ. ಅವಳು ಹಾಗೆ ಮಾಡೋಳಲ್ಲ. ಲೈನೇ ಹೋಗಿದ್ದು...